‘ಟೇಕ್’ ಕಲಿಯಬೇಕಾ? ನಮ್ಮ ‘ಹಿಡಿ’ಯಿಂದ ಶುರು ಮಾಡಿ

ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಸಾಗರಕ್ಕೆ ಹೋಗೋದು ಹೇಗೆ ಅಂತ ಕೇಳಿದರೆ ನಾವು ಹೇಳುವುದು ಹೀಗೆ: ‘ಅಲ್ಲಿ ನಿಂತಿದೆಯಲ್ಲ, ಆ ಬಸ್ ಹಿಡೀರಿ. ಎರಡು ಗಂಟೆ ಹಿಡಿಯುತ್ತೆ. ಬಸ್ ಸಣ್ಣದು, ಜಾಸ್ತಿ ಜನ ಹಿಡಿಸಲ್ಲ, ಬೇಗ ಹತ್ತಿ.’

ಮೂರು ಸಲ ‘ಹಿಡಿ’ ಬಂತು. ಮೂರು ಸಲವೂ ಅರ್ಥ ಬೇರೆ. ಇದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳುವಾಗಲೂ ಮೂರು ಕಡೆ ಒಂದೇ ಕ್ರಿಯಾಪದ ಸಾಕು. ‘ಟೇಕ್ ದಟ್ ಬಸ್.’ ‘ಇಟ್ ಟೇಕ್ಸ್ ಟೂ ಅವರ್ಸ್.’ ‘ಇಟ್ ಡಸಂಟ್ ಟೇಕ್ ಮೆನಿ ಪೀಪಲ್.’

ಶಾಲೆಯಲ್ಲಿ ಮಾತ್ರ ನಮಗೆ ಬಾಯಿಪಾಠ ಮಾಡಿಸಿದ್ದು ‘ಟೇಕ್ ಅಂದ್ರೆ ತೆಗೆದುಕೊಳ್ಳು’ ಅಂತ. ಅದು ತಪ್ಪೇನಲ್ಲ. ಆದರೆ ಆ ಒಂದೇ ಅರ್ಥ ನಂಬಿಕೊಂಡು ಹೊರಟರೆ ಅರ್ಧ ದಾರಿಯಲ್ಲೇ ಕೈ ಕೊಡುತ್ತದೆ. ಕನ್ನಡ ಮೀಡಿಯಂನಲ್ಲಿ ಓದಿ ಈಗ ಇಂಗ್ಲಿಷ್ ಮಾತು ಸರಿ ಮಾಡಿಕೊಳ್ಳಬೇಕು ಅಂತಿರುವವರಿಗೆ, ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುವವರಿಗೆ ಇನ್ನೊಂದು ದಾರಿ ಇದೆ. ಒಂದು ನೋಟ್‌ಬುಕ್, ಒಂದು ಪೆನ್ನು ಇಟ್ಟುಕೊಂಡು ಕೂತರೆ ಸಾಕು. ಇಲ್ಲಿ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ನೀವು ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆದುಕೊಳ್ಳಿ.

ಹೆಜ್ಜೆ 1: ‘ತಗೋ’ವನ್ನು ಸ್ವಲ್ಪ ದಿನ ಪಕ್ಕಕ್ಕಿಡಿ

‘ತಗೋ’ ಎರಡೂ ಕಡೆಯಿಂದ ದಾರಿ ತಪ್ಪಿಸುತ್ತದೆ.

ಒಂದು, ನಾವು ‘ತಗೋ’ ಅನ್ನುವ ಕಡೆಯೆಲ್ಲ ಇಂಗ್ಲಿಷಿನವರು ಟೇಕ್ ಅನ್ನುವುದಿಲ್ಲ. ‘ಗಾಂಧಿ ಬಜಾರಲ್ಲಿ ಒಂದು ಸೀರೆ ತಗೊಂಡೆ’ ಅನ್ನುವುದನ್ನು ‘ಐ ಟುಕ್ ಎ ಸ್ಯಾರಿ’ ಅಂದರೆ, ದುಡ್ಡು ಕೊಟ್ಟ ಸಂಗತಿ ಅದರಲ್ಲಿ ಇರುವುದೇ ಇಲ್ಲ. ಕೇಳಿದವರಿಗೆ ಸುಮ್ನೆ ಎತ್ತಿಕೊಂಡು ಬಂದ ಹಾಗೆ ಅನ್ನಿಸಬಹುದು. ಅಲ್ಲಿ ‘ಬಾಟ್’ ಬೇಕು. ಮನೆಗೆ ಬಂದವರಿಗೆ ‘ಕಾಫಿ ತಗೊಳ್ಳಿ’ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ‘ಹ್ಯಾವ್ ಸಮ್ ಕಾಫಿ’. ‘ಊಟ ತಗೊಂಡ್ರಾ’ ಅಂತ ಮರ್ಯಾದೆಯಿಂದ ಕೇಳುವಾಗಲೂ ಅಷ್ಟೆ, ‘ಟೇಕ್ ಫುಡ್’ ಬೇಡ, ‘ಹ್ಯಾವ್’ ಸಾಕು.

ಎರಡು, ಇಂಗ್ಲಿಷಿನವರು ಟೇಕ್ ಅನ್ನುವ ಎಷ್ಟೋ ಕಡೆ ನಮ್ಮ ‘ತಗೋ’ ಕಾಲಿಡುವುದೇ ಇಲ್ಲ. ಗಿಡ ಬೇರು ಬಿಡುವುದು, ವಿಮಾನ ಮೇಲೇರುವುದು, ಮೊಮ್ಮಗಳಿಗೆ ಅಜ್ಜಿಯ ಮುಖಚಹರೆ ಬರುವುದು, ಇದೆಲ್ಲಕ್ಕೂ ಅವರಿಗೆ ಟೇಕ್ ಇದೆ.

ಆದ್ದರಿಂದ ಮೊದಲ ಪುಟದ ಮೇಲೆ ದೊಡ್ಡದಾಗಿ ಬರೆಯಿರಿ: ‘ಟೇಕ್ – ಹಿಡಿ’. ಇದು ಸುಮ್ನೆ ಹೊಳೆದ ಉಪಾಯ ಅಲ್ಲ. ಆ ಪದದ ಹಳೆಯ ಅರ್ಥವೇ ಅದು.

ಹೆಜ್ಜೆ 2: ಪದ ಎಲ್ಲಿಂದ ಬಂತು ಅಂತ ನೋಡಿ

ಇದನ್ನು ಬಿಟ್ಟು ಮುಂದೆ ಹೋಗಬಹುದು, ಪರೀಕ್ಷೆಗೆ ಯಾರೂ ಕೇಳುವುದಿಲ್ಲ. ಆದರೆ ಕಥೆ ಗೊತ್ತಿದ್ದರೆ ಪದ ತಲೆಯಲ್ಲಿ ಗಟ್ಟಿಯಾಗಿ ಕೂರುತ್ತದೆ.

ಟೇಕ್ ಮೂಲದಲ್ಲಿ ಇಂಗ್ಲಿಷ್ ಪದವೇ ಅಲ್ಲ! ಅದಕ್ಕೂ ಮುಂಚೆ ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ‘ನಿಮನ್’ ಅನ್ನೋ ಪದ ಇತ್ತು. ಜರ್ಮನ್ನರು ಇವತ್ತಿಗೂ ‘ನೇಮೆನ್’ ಅನ್ನುತ್ತಾರೆ, ಡಚ್ಚರು ‘ನೇಮನ್’ ಅನ್ನುತ್ತಾರೆ. ಇಂಥ ಅಕ್ಕತಂಗಿ ಭಾಷೆಗಳಲ್ಲಿ ಉಳಿದುಕೊಂಡ ಪದ ಇಂಗ್ಲಿಷಿನಲ್ಲಿ ಮೂಲೆಗೆ ಹೋಯಿತು.

ಕಾರಣ ವೈಕಿಂಗರು, ಅಂದರೆ ಡೆನ್ಮಾರ್ಕ್, ನಾರ್ವೆ ಕಡೆಯಿಂದ ಹಡಗಿನಲ್ಲಿ ಬಂದು ದಾಳಿ ಮಾಡುತ್ತಿದ್ದವರು. 793ರಲ್ಲಿ ಅವರು ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಲಿಂಡಿಸ್‌ಫಾರ್ನ್ ಮಠದ ಮೇಲೆ ಬಿದ್ದರು. ಮೊದಮೊದಲು ದೋಚಿಕೊಂಡು ವಾಪಸ್ ಹೋಗುತ್ತಿದ್ದರು. 865ರಲ್ಲಿ ದೊಡ್ಡ ಸೈನ್ಯವೇ ಬಂದಿಳಿಯಿತು. ಆಮೇಲೆ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆ ನಿಂತರು, ಬೇಸಾಯ ಮಾಡಿದರು, ಅಲ್ಲಿಯವರ ಜೊತೆ ಸಂಬಂಧ ಬೆಳೆಸಿದರು. 1016ರಲ್ಲಿ ಡೆನ್ಮಾರ್ಕಿನ ಕನೂಟ್ ಇಡೀ ಇಂಗ್ಲೆಂಡಿಗೇ ದೊರೆಯಾದ.

ಇವರ ಮಾತು ಹಳೆಯ ನಾರ್ಸ್. ಅದರಲ್ಲಿ ‘ತಕ’ ಅಂದರೆ ಹಿಡಿ, ಕೈ ಹಾಕಿ ಹಿಡಿದುಕೊ. ಭೂತಕಾಲ ‘ತೋಕ್’. ಇವತ್ತಿನ ಟೇಕ್, ಟುಕ್ ಎರಡೂ ಅಲ್ಲಿಂದಲೇ ಬಂದವು. 11ನೇ ಶತಮಾನದ ಹೊತ್ತಿಗೆ ಇಂಗ್ಲಿಷ್ ಬರಹದಲ್ಲಿ ಈ ಪದ ಕಾಣಿಸಿಕೊಂಡಿತು, ಮುಂದಿನ ಕೆಲವು ಶತಮಾನಗಳಲ್ಲಿ ನಿಮನ್‌ನ ಜಾಗವನ್ನೆಲ್ಲ ಆವರಿಸಿತು. ಎಗ್, ಸ್ಕೈ, ಲೆಗ್, ವಿಂಡೋ, ಹಸ್ಬಂಡ್, ಲಾ, ಕಡೆಗೆ ‘ದೇ’, ‘ದೆಮ್’ ಅನ್ನೋ ಸರ್ವನಾಮ ಕೂಡ ಇದೇ ದಾರಿಯಲ್ಲಿ ಬಂದವು.

ಒಂದು ಭಾಷೆ ಇಷ್ಟು ಮೂಲಭೂತ ಕ್ರಿಯಾಪದವನ್ನು ಹೊರಗಿನಿಂದ ತಂದುಕೊಳ್ಳೋದು ವಿಚಿತ್ರವೇ. ನಾವು ಪಾರ್ಸಿಯಿಂದ, ಇಂಗ್ಲಿಷಿನಿಂದ ಎಷ್ಟೋ ಪದ ತಂದುಕೊಂಡಿದ್ದೇವೆ. ಆದರೆ ಕ್ರಿಯಾಪದ ಬಂದರೆ ಸಾಮಾನ್ಯವಾಗಿ ಪಕ್ಕದಲ್ಲಿ ಒಂದು ‘ಮಾಡು’ವನ್ನೋ ‘ಆಗು’ವನ್ನೋ ಕಾವಲಿಗೆ ನಿಲ್ಲಿಸುತ್ತೇವೆ: ಫೋನ್ ಮಾಡು, ಡೌನ್‌ಲೋಡ್ ಮಾಡು, ಅಡ್ಜಸ್ಟ್ ಆಗು. ಇಂಗ್ಲಿಷಿನವರು ಹಾಗೇ ಹಸಿಹಸಿಯಾಗಿ ನುಂಗಿಬಿಟ್ಟರು.

ನಿಮನ್ ಪೂರ್ತಿ ಸಾಯಲಿಲ್ಲ. ಚಳಿಗೆ ಬೆರಳು ಮರಗಟ್ಟಿದರೆ ‘ನಂಬ್’ ಅಂತಾರಲ್ಲ, ಅದು ಇದರದೇ ಮರಿ. ‘ಹಿಡಿದುಕೊಂಡುಬಿಟ್ಟದ್ದು’ ಅಂತ ಅದರ ಮೂಲಾರ್ಥ. ನಾವೂ ಕಾಲು ‘ಹಿಡ್ಕೊಂಡಿದೆ’ ಅನ್ನುತ್ತೇವೆ! ಚುರುಕಿನವನಿಗೆ ಹೇಳುವ ‘ನಿಂಬಲ್’ ಕೂಡ ಅದೇ ಬಳಗದ್ದು, ಬೇಗ ಹಿಡಿದುಕೊಳ್ಳುವವನು ಅಂತ. ಕೊನೆಗಾಲದಲ್ಲಿ ‘ನಿಮ್’ ಅನ್ನೋ ಪದ ಆಡುಮಾತಿನಲ್ಲಿ ಕದಿಯುವುದಕ್ಕೆ ಬಳಕೆಯಾಗುತ್ತಿತ್ತು. ಒಂದು ಕಾಲದಲ್ಲಿ ಮನೆಯ ಯಜಮಾನನಂತಿದ್ದ ಪದಕ್ಕೆ ಈ ಗತಿ.

ಇನ್ನೂ ಹಿಂದಕ್ಕೆ ಹೋದರೆ ಗಾಥಿಕ್ ಅನ್ನೋ ಹಳೆಯ ಭಾಷೆಯಲ್ಲಿ ಟೇಕ್‌ನ ಬಂಧು ಪದ ‘ತೇಕನ್’ ಸಿಗುತ್ತದೆ. ಅದರ ಅರ್ಥ ‘ಮುಟ್ಟು’. ಅಂದರೆ ಪದ ನಡೆದ ದಾರಿ ಹೀಗೆ: ಮೊದಲು ಮುಟ್ಟು, ಆಮೇಲೆ ಹಿಡಿ, ಅಲ್ಲಿಂದ ಮುಂದೆ ಒಯ್ಯಿ, ಒಪ್ಪಿಕೊ, ಬಳಸು, ಬೇಕಾಗು. ‘ತಗೋ’ ಆ ದಾರಿಯಲ್ಲಿ ಬರುವ ಒಂದು ಸ್ಟಾಪ್ ಮಾತ್ರ.

ನಮ್ಮ ‘ಹಿಡಿ’ ಹಳಗನ್ನಡದಲ್ಲಿ ‘ಪಿಡಿ’. ತಮಿಳು, ಮಲಯಾಳಗಳಲ್ಲಿ ಇವತ್ತಿಗೂ ಪಕಾರವೇ ಇದೆ. ಟೇಕ್‌ಗೂ ಇದಕ್ಕೂ ರಕ್ತಸಂಬಂಧ ಏನೂ ಇಲ್ಲ. ಆದರೆ ಎರಡೂ ಕೈಯ ಕೆಲಸದಿಂದ ಹೊರಟು, ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿಲ್ಲದೆ, ಎಷ್ಟೋ ಕಡೆ ಒಂದೇ ಜಾಗಕ್ಕೆ ಬಂದು ಸೇರಿವೆ. ನಮಗೆ ಬೇಕಾದದ್ದು ಅದೇ.

ಹೆಜ್ಜೆ 3: ಮನೆಮಾತಿನ ‘ಹಿಡಿ’ಗಳನ್ನು ಗುಡ್ಡೆ ಹಾಕಿ

ಈ ಹೆಜ್ಜೆಗೆ ಜಾಸ್ತಿ ಸಮಯ ಕೊಡಿ. ನೀವು, ಮನೆಯವರು, ತೋಟಕ್ಕೆ ಬರುವವರು ದಿನಾ ಆಡುವ ‘ಹಿಡಿ’ ವಾಕ್ಯಗಳನ್ನು ಎಡಗಡೆ ಬರೆಯುತ್ತಾ ಹೋಗಿ. ಬಲಗಡೆ ಇಂಗ್ಲಿಷ್. ಕೆಲವು ನಾನೇ ಕೊಡುತ್ತೇನೆ.

ದಾರಿ, ವಾಹನ. ‘ತೀರ್ಥಹಳ್ಳಿ ರಸ್ತೆ ಹಿಡಿ’ – ‘ಟೇಕ್ ದಿ ತೀರ್ಥಹಳ್ಳಿ ರೋಡ್’. ‘ತಾಳಗುಪ್ಪದಿಂದ ರೈಲು ಹಿಡಿದೆವು’ – ‘ವಿ ಟುಕ್ ದಿ ಟ್ರೇನ್ ಫ್ರಮ್ ತಾಳಗುಪ್ಪ’. ಸೇತುವೆ ಆಗುವ ಮೊದಲು ಸಿಗಂದೂರಿಗೆ ಹೋಗುವವರು ಹೊಳೆಬಾಗಿಲಲ್ಲಿ ಲಾಂಚ್ ಹಿಡಿಯುತ್ತಿದ್ದರಲ್ಲ, ಅದಕ್ಕೂ ‘ಟುಕ್ ದಿ ಲಾಂಚ್’.

ಹೊತ್ತು. ‘ಆಗುಂಬೆ ಘಾಟಿ ಇಳಿಯೋಕೆ ಎಷ್ಟು ಹೊತ್ತು ಹಿಡಿಯುತ್ತೆ?’ – ‘ಹೌ ಲಾಂಗ್ ಡಸ್ ಇಟ್ ಟೇಕ್ ಟು ಗೋ ಡೌನ್ ಆಗುಂಬೆ ಘಾಟ್?’ ಇಲ್ಲಿ ಒಂದು ಕಡೆ ನಿಲ್ಲಬೇಕು. ಕನ್ನಡದಲ್ಲಿ ‘ಎರಡು ಗಂಟೆ ಹಿಡಿಯುತ್ತೆ’ ಅಂದರೆ ಮುಗಿಯಿತು, ‘ಅದು’ ಬೇಕಿಲ್ಲ. ಇಂಗ್ಲಿಷಿನಲ್ಲಿ ವಾಕ್ಯದ ಮುಂದೆ ಯಾರಾದರೂ ಒಬ್ಬರು ಕೂರಲೇಬೇಕು. ಯಾರೂ ಇಲ್ಲದಿದ್ದರೆ ‘ಇಟ್’ ಅನ್ನು ತಂದು ಕೂರಿಸುತ್ತಾರೆ. ‘ಫ್ರಮ್ ಶಿವಮೊಗ್ಗ ಟು ಸಾಗರ ಟೇಕ್ಸ್ ಟೂ ಅವರ್ಸ್’ ಅನ್ನಬೇಡಿ. ‘ಇಟ್ ಟೇಕ್ಸ್ ಟೂ ಅವರ್ಸ್ ಫ್ರಮ್ ಶಿವಮೊಗ್ಗ ಟು ಸಾಗರ’ ಅನ್ನಿ. ಯಾರಿಗೆ ಹಿಡಿಯಿತು ಅಂತ ಹೇಳಬೇಕಾದರೆ ಸುಲಭ. ‘ನನಗೆ ಎರಡು ಗಂಟೆ ಹಿಡೀತು’ – ‘ಇಟ್ ಟುಕ್ ಮಿ ಟೂ ಅವರ್ಸ್’. ನಮ್ಮ ‘ನನಗೆ’ ಅವರ ‘ಮಿ’ ಜಾಗದಲ್ಲಿ ಸರಿಯಾಗಿ ಕೂರುತ್ತದೆ. ಕೆಲಸಕ್ಕೆ ಬೇಕಾಗುವ ಆಳಿನ ಲೆಕ್ಕಕ್ಕೂ ಇದೇ ಅಚ್ಚು: ‘ಈ ಹಂಡೆ ಎತ್ತೋಕೆ ಇಬ್ಬರು ಬೇಕು’ – ‘ಇಟ್ ಟೇಕ್ಸ್ ಟೂ ಪೀಪಲ್ ಟು ಲಿಫ್ಟ್ ದಿಸ್’.

ಜಾಗ. ‘ಹಂಡೆಗೆ ಆರು ಕೊಡ ಹಿಡಿಯುತ್ತೆ’, ‘ಕಾರಲ್ಲಿ ಐದು ಜನ ಹಿಡಿಸ್ತಾರೆ’. ‘ದಿ ಕಾರ್ ಟೇಕ್ಸ್ ಫೈವ್.’ ಇದನ್ನು ಕೇಳಿದರೆ ನಮ್ಮವರಿಗೆ ಕಾರು ಐದು ಏನನ್ನೋ ತಗೊಳ್ಳುತ್ತದೆ ಅನ್ನಿಸುತ್ತದೆ. ‘ಹಿಡಿ’ ಅಂತ ಓದಿಕೊಂಡರೆ ತಕ್ಷಣ ಗೊತ್ತಾಗುತ್ತದೆ.

ಇನ್ನು ತೋಟದ ಮಾತಿಗೆ ಬನ್ನಿ, ಮಲೆನಾಡಿನವರಿಗೆ ಲಾಭ ಇರುವುದು ಇಲ್ಲೇ. ಅಪ್ಪೆಮಿಡಿ ಮಾವಿನ ಕಸಿ ಕಟ್ಟಿ ಕೆಲವು ವಾರ ಕಳೆದ ಮೇಲೆ ಹೋಗಿ ನೋಡುತ್ತೀರಿ. ಕಟ್ಟಿದ ಪ್ಲಾಸ್ಟಿಕ್ ಪಟ್ಟಿಯ ಮೇಲುಗಡೆ ಕಡ್ಡಿ ಹಸಿರಾಗಿಯೇ ಇದೆ, ತುದಿಯಲ್ಲಿ ಕೆಂಪು ಮೊಳಕೆ ಒಡೆದಿದೆ. ಆಗ ಬಾಯಿಗೆ ಬರುವ ಮಾತು ‘ಕಸಿ ಹಿಡಿದಿದೆ’. ಇಂಗ್ಲಿಷ್ ತೋಟಗಾರ ಹೇಳುವುದೂ ಅದನ್ನೇ: ‘ದಿ ಗ್ರಾಫ್ಟ್ ಹ್ಯಾಸ್ ಟೇಕನ್’. ಏನನ್ನು ಟೇಕ್ ಮಾಡಿತು ಅಂತ ಕೇಳುವ ಹಾಗೇ ಇಲ್ಲ. ಸುಮ್ನೆ ಹಿಡಿಯಿತು, ಅಷ್ಟೆ. ಕಾಳುಮೆಣಸಿನ ಬಳ್ಳಿ ಅಡಿಕೆ ಮರದ ಬುಡದಲ್ಲಿ ಬೇರು ಹಿಡಿದರೆ ‘ಟೇಕನ್ ರೂಟ್’. ಅಡಿಕೆ ಬೇಯಿಸುವಾಗ ಚೊಗರಿನ (ಅಡಿಕೆ ಬೇಯಿಸಿದ ರಸದ) ಬಣ್ಣ ಸರಿಯಾಗಿ ಹಿಡಿಯಬೇಕಲ್ಲ, ಅದಕ್ಕೆ ‘ದಿ ನಟ್ಸ್ ಹ್ಯಾವ್ ಟೇಕನ್ ದಿ ಕಲರ್ ವೆಲ್’ ಅಂದರೆ ಸರಿಯಾಗಿ ಒಪ್ಪುತ್ತದೆ. ಬಟ್ಟೆಗೆ ಬಣ್ಣ ಹಿಡಿಯುವುದಕ್ಕೂ ಅವರು ಟೇಕ್ ಅನ್ನುತ್ತಾರೆ.

ಮನಸ್ಸಿನ ಮಾತು. ‘ಹೊಸ ಊರು ಅವಳಿಗೆ ಹಿಡಿಸಿತು’ – ‘ಶಿ ಟುಕ್ ಟು ದಿ ನ್ಯೂ ಪ್ಲೇಸ್’. ಇಲ್ಲಿ ‘ಟು’ ಬಿಡಬೇಡಿ, ಬಿಟ್ಟರೆ ಊರನ್ನೇ ಗೆದ್ದುಕೊಂಡ ಹಾಗಾಗುತ್ತದೆ. ವಯಸ್ಸಾದವರು ಕಾಯಿಲೆ ಬಿದ್ದರೆ ‘ಹಾಸಿಗೆ ಹಿಡಿದರು’ ಅನ್ನುತ್ತೇವೆ. ‘ಹಿ ಟುಕ್ ಟು ಹಿಸ್ ಬೆಡ್.’ ಎರಡು ಭಾಷೆ ಇಷ್ಟು ದೂರದಲ್ಲಿದ್ದೂ ಹಾಸಿಗೆಯ ವಿಷಯದಲ್ಲಿ ಹೀಗೆ ಒಪ್ಪಿಕೊಂಡದ್ದು ನನಗಂತೂ ಬಲು ಇಷ್ಟ.

ಅಧಿಕಾರ ಹಿಡಿ, ‘ಟೇಕ್ ಪವರ್’. ಕೋವಿ ಹಿಡಿ, ‘ಟೇಕ್ ಅಪ್ ಆರ್ಮ್ಸ್’. ಅಡಿಕೆ ತೋಟ ಚೇಣಿಗೆ (ಗುತ್ತಿಗೆಗೆ) ಹಿಡಿ, ‘ಟೇಕ್ ಇಟ್ ಆನ್ ಕಾಂಟ್ರಾಕ್ಟ್’. ಹೀಗೆ ಪುಟ ತುಂಬುತ್ತದೆ.

ಹೆಜ್ಜೆ 4: ‘ಟೇಕ್ ಅಂಡ್ ಕಮ್’ ಅನ್ನು ಬಿಟ್ಟುಬಿಡಿ

ಆಫೀಸು, ಅಂಗಡಿ, ಕಾಲೇಜು ಎಲ್ಲ ಕಡೆ ಕಿವಿಗೆ ಬೀಳುವ ಮಾತು: ‘ದಟ್ ಫೈಲ್ ಟೇಕ್ ಅಂಡ್ ಕಮ್.’ ‘ತಗೊಂಡು ಬಾ’ ಅನ್ನುವುದನ್ನು ಪದಕ್ಕೆ ಪದ ಇಟ್ಟದ್ದು. ಹಾಗೆಯೇ ‘ಐ ವಿಲ್ ಟೇಕ್ ಅಂಡ್ ಗೋ’.

ಇಂಗ್ಲಿಷಿನಲ್ಲಿ ‘ತಗೊಂಡು ಬಾ’ ಅನ್ನೋದು ಒಂದೇ ಪದ, ‘ಬ್ರಿಂಗ್’. ‘ತಗೊಂಡು ಹೋಗು’ ಕೂಡ ಒಂದೇ ಪದ, ‘ಟೇಕ್’. ಗೊಂದಲ ಆದರೆ ನಮ್ಮ ಹಳೆಯ ಜೋಡಿ ನೆನಪಿಸಿಕೊಳ್ಳಿ: ತಾ, ಒಯ್ಯಿ. ಮಾತಾಡುವವರ ಕಡೆಗೆ ಬಂದರೆ ತಾ, ಬ್ರಿಂಗ್. ಆಚೆ ಹೋದರೆ ಒಯ್ಯಿ, ಟೇಕ್. ‘ಕೊಡೆ ಒಯ್ಯಿ, ಮಳೆ ಬರ್ತದೆ’ – ‘ಟೇಕ್ ಆ್ಯನ್ ಅಂಬ್ರೆಲ್ಲಾ’. ‘ಬರ್ತಾ ಮೊಸರು ತಾ’ – ‘ಬ್ರಿಂಗ್ ಸಮ್ ಕರ್ಡ್’.

ಇನ್ನೊಂದು. ನಾವು ಸಾಮಾನಿಗೆ ‘ತಗೊಂಡು ಹೋಗು’ ಅನ್ನುತ್ತೇವೆ, ಮನುಷ್ಯರಿಗೆ ‘ಕರ್ಕೊಂಡು ಹೋಗು’. ಅಜ್ಜಿಯನ್ನು ಆಸ್ಪತ್ರೆಗೆ ತಗೊಂಡು ಹೋದೆ ಅಂದರೆ ಅಜ್ಜಿಯೇ ಬೈದಾರು. ಇಂಗ್ಲಿಷಿನಲ್ಲಿ ಆ ಭೇದ ಇಲ್ಲ. ‘ಐ ಟುಕ್ ಮೈ ಗ್ರ್ಯಾಂಡ್‌ಮದರ್ ಟು ದಿ ಹಾಸ್ಪಿಟಲ್’ ಅನ್ನೋದು ಪೂರ್ತಿ ಮರ್ಯಾದೆಯ ಮಾತೇ. ಮಕ್ಕಳನ್ನು ಸಕ್ರೆಬೈಲಿನ ಆನೆ ಬಿಡಾರಕ್ಕೆ ಕರ್ಕೊಂಡು ಹೋದರೂ ‘ಟುಕ್’, ಅವರ ತಿಂಡಿ ಡಬ್ಬಿ ಒಯ್ದರೂ ‘ಟುಕ್’.

ಹೆಜ್ಜೆ 5: ‘ಹಿಡಿ’ ಇದ್ದರೂ ಟೇಕ್ ಬಾರದ ಕಡೆ ಗುರುತು ಮಾಡಿ

ನಿಮ್ಮ ಪಟ್ಟಿಯಲ್ಲಿ ಕೆಲವು ವಾಕ್ಯ ಹೊಂದುವುದಿಲ್ಲ. ಅವನ್ನು ಕೆಂಪು ಪೆನ್ನಿನಲ್ಲಿ ಬೇರೆ ಮಾಡಿ.

ಓಡುವುದನ್ನು, ಹಾರುವುದನ್ನು, ತಪ್ಪಿಸಿಕೊಳ್ಳುವುದನ್ನು ಹಿಡಿದರೆ ‘ಕ್ಯಾಚ್’. ಮೀನು, ಚೆಂಡು, ಕಳ್ಳ. ಶೀತ ಹಿಡಿದರೂ ಕ್ಯಾಚ್, ಬೆಂಕಿ ಹಿಡಿದರೂ ಕ್ಯಾಚ್. ಬಸ್ಸಿಗೆ ಎರಡೂ ನಡೆಯುತ್ತದೆ. ಓಡಿ ಹೋಗಿ ಹೊರಡುವ ಬಸ್ ಹಿಡಿದರೆ ಕ್ಯಾಚ್, ದಿನಾ ಬಸ್ಸಿನಲ್ಲೇ ಓಡಾಡಿದರೆ ಟೇಕ್. ಕ್ಯಾಚ್ ಬಂದದ್ದು ಲ್ಯಾಟಿನ್ ಮೂಲದಿಂದ, ಫ್ರೆಂಚ್ ಆಡುವ ನಾರ್ಮನ್ನರ ಕೈಯಲ್ಲಿ. ಅಟ್ಟಿಸಿಕೊಂಡು ಹೋಗುವ ‘ಚೇಸ್’ ಅದರ ಒಡಹುಟ್ಟು.

ಹಿಡಿದು ಹಾಗೇ ಇಟ್ಟುಕೊಂಡರೆ ‘ಹೋಲ್ಡ್’. ಕೊಡೆ ಹಿಡಿದು ನಿಲ್ಲು, ಮಗುವಿನ ಕೈ ಹಿಡಿದುಕೊ. ಗಾಥಿಕ್‌ನಲ್ಲಿ ಇದರ ಬಂಧು ಪದಕ್ಕೆ ದನ ಕಾಯುವುದು ಅಂತ ಅರ್ಥ. ಬಿಡದೆ ನೋಡಿಕೊಂಡಿರುವ ಕೆಲಸ, ಸರಿ ಅಲ್ವಾ?

ನಮ್ಮ ‘ಮಳೆ ಹಿಡೀತು’ಗೆ ಟೇಕ್ ಆಗದು. ‘ದಿ ರೇನ್ಸ್ ಹ್ಯಾವ್ ಸೆಟ್ ಇನ್.’ ಅಡಿಕೆಗೆ ಕೊಳೆ ಹಿಡಿದರೆ, ಕಬ್ಬಿಣಕ್ಕೆ ತುಕ್ಕು ಹಿಡಿದರೆ ಕೂಡ ಟೇಕ್ ಬೇಡ.

ಹೆಜ್ಜೆ 6: ‘ಮಾಡು’, ‘ತೆಗೆ’, ‘ಬರೆ’ – ಇವಕ್ಕೆ ಬೇರೆ ಪುಟ

ನಾವು ಬೇರೆ ಕ್ರಿಯಾಪದ ಬಳಸುವ ಕಡೆ ಅವರು ಟೇಕ್ ಹಾಕುವುದುಂಟು. ಇದಕ್ಕೆ ಯಾವ ಸೂತ್ರವೂ ಇಲ್ಲ, ಬಾಯಿಗೆ ರೂಢಿ ಮಾಡಿಕೊಳ್ಳಬೇಕು ಅಷ್ಟೆ. ಫೋಟೋ ತೆಗೆ, ಅಳತೆ ತೆಗೆ, ಉಸಿರು ಎಳೆದುಕೊ, ಹೆಜ್ಜೆ ಇಡು, ಸ್ನಾನ ಮಾಡು, ರಜೆ ಹಾಕು, ಪ್ರಮಾಣವಚನ ಸ್ವೀಕರಿಸು. ಎಲ್ಲಕ್ಕೂ ಟೇಕ್. ಸ್ನಾನಕ್ಕೆ ಬ್ರಿಟಿಷರು ‘ಹ್ಯಾವ್ ಎ ಬಾತ್’ ಅನ್ನುವುದು ಜಾಸ್ತಿ, ಅಮೆರಿಕದವರು ‘ಟೇಕ್’. ಮಾತ್ರೆ ನುಂಗುವುದಕ್ಕೆ ‘ಟೇಕ್’ ಮಾತ್ರ, ‘ಈಟ್ ಟ್ಯಾಬ್ಲೆಟ್’ ಅನ್ನಬಾರದು.

ಪರೀಕ್ಷೆಯ ವಿಷಯದಲ್ಲಿ ಸ್ವಲ್ಪ ಹುಷಾರು. ನಾವು ಪರೀಕ್ಷೆ ಬರೆಯುತ್ತೇವೆ, ಹಾಗಾಗಿ ‘ರೈಟ್ ಎಕ್ಸಾಮ್’. ನಮ್ಮ ದೇಶದಲ್ಲಿ ಇದು ಎಲ್ಲರಿಗೂ ಅರ್ಥವಾಗುತ್ತದೆ, ನಾನಂತೂ ಅದನ್ನು ತಪ್ಪು ಅಂತ ಹೊಡೆದುಹಾಕುವುದಿಲ್ಲ. ಐಇಎಲ್‌ಟಿಎಸ್‌ನಂಥ ಇಂಗ್ಲಿಷ್ ಪರೀಕ್ಷೆಗಳ ಕಡೆ ಅಥವಾ ಹೊರದೇಶದವರ ಜೊತೆ ಮಾತಾಡುವಾಗ ‘ಟೇಕ್ ಆ್ಯನ್ ಎಕ್ಸಾಮ್’ ಅನ್ನಿ. ‘ಗಿವ್ ಎಕ್ಸಾಮ್’ ಮಾತ್ರ ಬೇಡ, ಅದು ಹಿಂದಿಯ ನೆರಳು. ಇಂಗ್ಲಿಷಿನ ಲೆಕ್ಕದಲ್ಲಿ ಪರೀಕ್ಷೆ ‘ಕೊಡುವವರು’ ಮೇಷ್ಟ್ರು.

ಮೇಷ್ಟ್ರ ಮಾತು ಬಂತಲ್ಲ. ‘ಟೇಕ್ ಎ ಕ್ಲಾಸ್’ ಅಂದರೆ ಬ್ರಿಟಿಷರಿಗೂ ನಮಗೂ ಪಾಠ ಮಾಡುವುದು ಅಂತ ಆಗಬಹುದು. ಅಮೆರಿಕದಲ್ಲಿ ಪಾಠ ಕೇಳಲು ಸೇರುವುದು. ಯಾರಾದರೂ ಬೈದರೆ ‘ಸರಿಯಾಗಿ ಕ್ಲಾಸ್ ತಗೊಂಡ್ರು’ ಅನ್ನುತ್ತೇವಲ್ಲ, ಆ ಅರ್ಥ ಇಂಗ್ಲಿಷಿನಲ್ಲಿ ಇಲ್ಲ. ಅದಕ್ಕೆ ‘ಟುಕ್ ಹಿಮ್ ಟು ಟಾಸ್ಕ್’.

ಹೆಜ್ಜೆ 7: ಬಾಲ ಹಚ್ಚಿದ ಟೇಕ್

ಟೇಕ್ ಪಕ್ಕ ಒಂದು ಸಣ್ಣ ಪದ ಸೇರಿದರೆ ಅರ್ಥವೇ ಬದಲು. ಪಟ್ಟಿ ಮಾಡಿ ಬಾಯಿಪಾಠ ಹೊಡೆಯುವುದು ದಂಡ. ಒಂದೊಂದಕ್ಕೆ ನಿಮ್ಮ ಮನೆಯದೇ ಒಂದು ವಾಕ್ಯ ಕಟ್ಟಿ.

‘ಟೇಕ್ ಆಫ್’ನಿಂದ ಶುರು ಮಾಡಿ. ನಾವು ಚಪ್ಪಲಿ ಬಿಡುತ್ತೇವೆ, ಅಂಗಿ ಬಿಚ್ಚುತ್ತೇವೆ, ಕನ್ನಡಕ ತೆಗೆಯುತ್ತೇವೆ. ಅವರಿಗೆ ಎಲ್ಲವೂ ಟೇಕ್ ಆಫ್. 2023ರಲ್ಲಿ ಶುರುವಾದ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ವಿಮಾನ ಮೇಲೇರಿದರೆ ಅದೂ ಟೇಕ್ ಆಫ್. ಯಾರದೋ ವ್ಯಾಪಾರ ಚೆನ್ನಾಗಿ ಹತ್ತಿಕೊಂಡರೆ ಅದೂ. ‘ಟೇಕ್ ಆಫ್ಟರ್’ ಹೋಲಿಕೆಗೆ: ‘ಶಿ ಟೇಕ್ಸ್ ಆಫ್ಟರ್ ಹರ್ ಗ್ರ್ಯಾಂಡ್‌ಮದರ್’, ಥೇಟ್ ಅಜ್ಜಿಯೇ. ‘ಟೇಕ್ ಓವರ್’ ವಹಿಸಿಕೊಳ್ಳುವುದು: ಅಪ್ಪನ ಅಂಗಡಿ ಮಗಳು ನೋಡಿಕೊಳ್ಳಲು ಶುರು ಮಾಡಿದರೆ ‘ಶಿ ಟುಕ್ ಓವರ್ ದಿ ಶಾಪ್’. ‘ಟೇಕ್ ಡೌನ್’ ಅಂದರೆ ಹೇಳಿದ್ದನ್ನು ಬರೆದುಕೊ. ‘ಐ ವಾಸ್ ಟೇಕನ್ ಇನ್’ ಅಂದರೆ ಒಳಗೆ ಕರೆದರು ಅಂತಷ್ಟೇ ಅಲ್ಲ, ಮೋಸ ಹೋದೆ ಅಂತಲೂ ಆಗುತ್ತದೆ. ಸಂದರ್ಭ ನೋಡಿ ತಿಳಿಯಬೇಕು.

ಪದಗಳ ಜಾಗದ ಬಗ್ಗೆ ಒಂದೇ ಒಂದು ನಿಯಮ ನೆನಪಿಡಿ. ‘ಟೇಕ್ ಆಫ್ ಯುವರ್ ಶೂಸ್’ ಸರಿ, ‘ಟೇಕ್ ಯುವರ್ ಶೂಸ್ ಆಫ್’ ಕೂಡ ಸರಿ. ಆದರೆ ‘ದೆಮ್’, ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು: ‘ಟೇಕ್ ದೆಮ್ ಆಫ್’. ‘ಟೇಕ್ ಆಫ್ ದೆಮ್’ ಅಂದರೆ ಕಿವಿಗೆ ಕಲ್ಲು ಸಿಕ್ಕ ಹಾಗೆ. ‘ಟೇಕ್ ಆಫ್ಟರ್’, ‘ಟೇಕ್ ಟು’ ಎರಡನ್ನು ಮಾತ್ರ ಒಡೆಯುವ ಹಾಗಿಲ್ಲ.

ಹೆಜ್ಜೆ 8: ಟುಕ್, ಟೇಕನ್, ಮತ್ತೆ ಅವರ ನೆಂಟರು

ಟೇಕ್, ಟುಕ್, ಟೇಕನ್. ‘ಶೇಕ್, ಶುಕ್, ಶೇಕನ್’ ಜೊತೆ ಸೇರಿಸಿ ಹೇಳಿಕೊಳ್ಳಿ, ಒಂದೇ ತಾಳ. ‘ಐ ಹ್ಯಾವ್’ ಆದಮೇಲೆ ಯಾವಾಗಲೂ ‘ಟೇಕನ್’. ‘ಐ ಹ್ಯಾವ್ ಟುಕ್’ ಬೇಡ.

‘ಮಿಸ್ಟೇಕ್’ ಕೂಡ ನಾರ್ಸ್‌ನಿಂದಲೇ ಬಂದದ್ದು. ತಪ್ಪಾಗಿ ಹಿಡಿ ಅಂತ. ‘ಐ ಮಿಸ್ಟುಕ್ ಹಿಮ್ ಫಾರ್ ಹಿಸ್ ಬ್ರದರ್’ ಅಂದರೆ ಅವನನ್ನು ಅವನ ಅಣ್ಣ ಅಂದುಕೊಂಡೆ.

‘ಅಂಡರ್‌ಟೇಕ್’ ಸ್ವಾರಸ್ಯದ್ದು. ಹಳೆಯ ಇಂಗ್ಲಿಷಿನಲ್ಲಿ ಇದು ‘ಅಂಡರ್‌ನಿಮನ್’ ಆಗಿತ್ತು. ನಿಮನ್ ಹೋಗಿ ಟೇಕ್ ಬಂದಾಗ ಹಿಂದಿನ ಭಾಗ ಮಾತ್ರ ಬದಲಾಯಿತು. ಕೆಲಸವನ್ನು ಮೈಮೇಲೆ ಹಾಕಿಕೊಳ್ಳುವುದು ಅಂತ ಅರ್ಥ. ಕಾಲೇಜಿಗೆ, ಬ್ಯಾಂಕಿಗೆ ಮುಚ್ಚಳಿಕೆ ಬರೆದುಕೊಡುತ್ತೀರಲ್ಲ, ಅದೇ ‘ಅಂಡರ್‌ಟೇಕಿಂಗ್’. ಆದರೆ ‘ಅಂಡರ್‌ಟೇಕರ್’ ಅಂತ ನಿಮ್ಮ ಹೆಸರಿನ ಮುಂದೆ ಬರೆದುಕೊಳ್ಳಬೇಡಿ. ಹಿಂದೆ ಅದು ಯಾವುದೇ ಕೆಲಸ ವಹಿಸಿಕೊಂಡವನಿಗೆ ಹೇಳುವ ಮಾತಾಗಿತ್ತು. ತೋಟ ಚೇಣಿಗೆ ಹಿಡಿದವರನ್ನೂ ಹಾಗೆ ಕರೆಯಬಹುದಿತ್ತು. 17ನೇ ಶತಮಾನದ ಕೊನೆಯಿಂದ ಅದು ಹೆಣದ ಸಂಸ್ಕಾರಕ್ಕೆ ವ್ಯವಸ್ಥೆ ಮಾಡುವವರಿಗೆ ಅಂಟಿಕೊಂಡು, ಈಗ ಅವರಿಗೇ ಮೀಸಲು.

ಹೆಜ್ಜೆ 9: ದಿನಾ ಐದು ನಿಮಿಷ

ಬಸ್ಸಿನಲ್ಲಿ ಕೂತಾಗ, ಅಡಿಕೆ ಸುಲಿಯುವಾಗ ಸುತ್ತಲಿನ ಮಾತಿಗೆ ಕಿವಿ ಕೊಡಿ. ‘ಹಿಡಿ’ ಬಂದ ತಕ್ಷಣ ಮನಸ್ಸಿನಲ್ಲೇ ಕೇಳಿಕೊಳ್ಳಿ: ಟೇಕ್, ಕ್ಯಾಚ್, ಹೋಲ್ಡ್ – ಯಾವುದು? ಮಕ್ಕಳಿದ್ದರೆ ಇದನ್ನೇ ಆಟ ಮಾಡಿ, ನೀವು ಕನ್ನಡ ವಾಕ್ಯ ಹೇಳಿ, ಅವರು ಮೂರರಲ್ಲಿ ಒಂದನ್ನು ಕೂಗಲಿ. ಅನುಮಾನ ಬಂದ ವಾಕ್ಯಗಳನ್ನು ರಾತ್ರಿ ನೋಟ್‌ಬುಕ್ಕಿಗೆ ಹಾಕಿ ನಿಘಂಟು ತೆಗೆದು ನೋಡಿ. ಒಳ್ಳೆಯ ಇಂಗ್ಲಿಷ್ ನಿಘಂಟಿನಲ್ಲಿ ಟೇಕ್‌ನ ವಿವರಣೆ ಪುಟಗಟ್ಟಲೆ ಇರುತ್ತದೆ, ಹೆದರಬೇಡಿ. ವಿವರಣೆ ಬಿಟ್ಟು ಉದಾಹರಣೆ ವಾಕ್ಯಗಳನ್ನಷ್ಟೇ ಓದಿ.

ಟೇಕ್ ಒಂದು ಹದಕ್ಕೆ ಬಂತು ಅನ್ನಿಸಿದರೆ ಮುಂದಿನದು ‘ರನ್’. ಅದಕ್ಕೆ ‘ಓಡು’ ಒಂದೇ ಸಾಲದು. ‘ಹೋಟೆಲು ಚೆನ್ನಾಗಿ ನಡೀತಿದೆ’, ‘ಮೂಗು ಸೋರ್ತಿದೆ’, ‘ಮೋಟಾರ್ ತಿರುಗ್ತಿದೆ’, ‘ಚುನಾವಣೆಗೆ ನಿಂತಿದಾರೆ’ – ಈ ನಾಲ್ಕನ್ನು ಎಡಗಡೆ ಬರೆದು ಪುಟ ಶುರು ಮಾಡಿ. ಚುನಾವಣೆಯ ವಾಕ್ಯಕ್ಕೆ ಮಾತ್ರ ಪಕ್ಕದಲ್ಲಿ ಒಂದು ಗುರುತು ಹಾಕಿ: ನಮ್ಮ ಹಾಗೆ ಬ್ರಿಟಿಷರೂ ಚುನಾವಣೆಗೆ ‘ನಿಲ್ಲುತ್ತಾರೆ’, ಓಡುವವರು ಅಮೆರಿಕದವರು.